ಕೊಯ್ದ ಕೈಗೂ ಗೊತ್ತಿತ್ತು

ಮೊನ್ನೆ ಅಣ್ಣನ ಮಗಳು ಪರೀಕ್ಷೆಗೆ ಓದ್ಕೊಳ್ತಾ, "ಹಸುವಿನ ಜಠರದಲ್ಲಿ ನಾಲ್ಕು ಭಾಗಗಳಿವೆ" ಅಂತ ಉರು ಹೊಡೀತಿದ್ದಳು. ಮೂಲೆಯಲ್ಲಿ ಎಲೆ ಅಡಿಕೆ ಹಾಕ್ಕೊಳ್ತಿದ್ದ ನಮ್ಮಪ್ಪ, "ಅದನ್ನ ನಮಗೆ ಯಾರು ಹೇಳ್ಕೊಡಬೇಕವ್ವ" ಅಂದರು. ಅಪ್ಪ ಸ್ಕೂಲಿನ ಮುಖ ಕಂಡವರಲ್ಲ. ಹುಡುಗರಾಗಿದ್ದಾಗ ನಮ್ಮಜ್ಜನ ಜೊತೆ ಊರಿನ ಸತ್ತ ದನ ಎಳೆದು ಚರ್ಮ ಸುಲಿದವರು.

ನಾನು ಕೂತು ಕೇಳಿದೆ. ಅಪ್ಪ ಹೇಳ್ತಾ ಹೋದರು: ಮೊದಲನೇದು ದೊಡ್ಡ ಚೀಲ, ಅದರ ತುಂಬಾ ಅರ್ಧಂಬರ್ಧ ಅಗಿದ ಹುಲ್ಲು. ಎರಡನೇದರ ಒಳಗೆ ಜೇನುಗೂಡಿನ ಥರ ಮನೆಗಳು. ಮೂರನೇದರಲ್ಲಿ ಪುಸ್ತಕದ ಹಾಗೆ ಹಾಳೆ ಹಾಳೆ. ನಾಲ್ಕನೇದು ನುಣ್ಣಗೆ. "ದನ ತಂತಿ, ಮೊಳೆ ನುಂಗಿದ್ರೆ ಎರಡನೇದ್ರಲ್ಲೇ ಸಿಗೋದು. ಅಲ್ಲಿಂದ ಗುಂಡಿಗೆಗೇ ಚುಚ್ಕೊಂಡಿರೋದು."

ಇದು ಪಶುವೈದ್ಯರು ಕಾಲೇಜಿನಲ್ಲಿ ಓದೋ ಪಾಠ. ದೊಡ್ಡ ಹಸುವಿನ ಮೊದಲ ಚೀಲಕ್ಕೆ 100 ಲೀಟರಿಗೂ ಹೆಚ್ಚು ಹಿಡಿಯುತ್ತೆ. ಹುಲ್ಲಿನ ನಾರನ್ನ ಹಸು ತಾನೇ ಅರಗಿಸಿಕೊಳ್ಳಲಾರದು. ಆ ಚೀಲದೊಳಗಿನ ಸೂಕ್ಷ್ಮಜೀವಿಗಳು ಹುಳಿಹಿಡಿಸಿ ಒಡೀತವೆ. ಹಸು ಅದನ್ನ ಮತ್ತೆ ಬಾಯಿಗೆ ತಂದು ಮೆಲುಕು ಹಾಕುತ್ತೆ. ನಮ್ಮ ಜಠರದ ಹಾಗೆ ಜೀರ್ಣರಸ ಸುರಿಯೋದು ನಾಲ್ಕನೇ ಭಾಗ ಮಾತ್ರ. ಎರಡನೇ ಭಾಗಕ್ಕೂ ಹೃದಯಕ್ಕೂ ನಡುವೆ ಇರೋದು ತೆಳುವಾದ ವಪೆ. ಅದಕ್ಕೇ ತಂತಿ ಗುಂಡಿಗೆಗೆ ಹೋಗೋದು. ಅಪ್ಪನ ಮಾತಿನಲ್ಲಿ ತಿದ್ದೋಕೆ ಏನೂ ಇರಲಿಲ್ಲ.

ಹಾಗಾದ್ರೆ ಈ ತಿಳಿವಳಿಕೆ ಯಾಕೆ ಪುಸ್ತಕ ಸೇರಲಿಲ್ಲ? ಇದಕ್ಕೆ ಉತ್ತರ ಹುಡುಕೋಕೆ ಸ್ವಲ್ಪ ಯುರೋಪಿನ ಕಡೆ ನೋಡೋಣ.

ಎರಡನೇ ಶತಮಾನದ ರೋಮ್‌ನಲ್ಲಿ ಗ್ಯಾಲೆನ್ ಅನ್ನೋ ವೈದ್ಯ ಇದ್ದ. ಮನುಷ್ಯರ ಹೆಣ ಕೊಯ್ಯೋಕೆ ಅವಕಾಶ ಇರಲಿಲ್ಲ. ಮಂಗ, ಹಂದಿ, ದನ ಕೊಯ್ದು ನೋಡಿ ಮನುಷ್ಯನ ದೇಹವೂ ಹೀಗೇ ಅಂತ ಬರೆದ. ಕುರಿ, ದನದ ಮೆದುಳಿನ ಬುಡದಲ್ಲಿ ರಕ್ತನಾಳಗಳ ಒಂದು ಬಲೆ ಇರುತ್ತೆ. ಮನುಷ್ಯನಲ್ಲಿ ಅದು ಇಲ್ಲ. ಆದರೂ ಇದೆ ಅಂತಲೇ ಸಾವಿರಕ್ಕೂ ಹೆಚ್ಚು ವರ್ಷ ಪಾಠ ನಡೀತು. ಯಾಕೆ ಗೊತ್ತಾ? ಪ್ರೊಫೆಸರ್ ಎತ್ತರದ ಕುರ್ಚಿ ಮೇಲೆ ಕೂತು ಗ್ಯಾಲೆನ್‌ನ ಪುಸ್ತಕ ಓದ್ತಿದ್ದ, ಕೆಳಗೆ ಕ್ಷೌರಿಕ ಹೆಣ ಕೊಯ್ತಿದ್ದ. ಓದಿದವನು ಮುಟ್ಟಲಿಲ್ಲ. ಮುಟ್ಟಿದವನ ಮಾತನ್ನ ಯಾರೂ ಕೇಳಲಿಲ್ಲ.

ವೆಸಾಲಿಯಸ್ ಆ ಕುರ್ಚಿಯಿಂದ ಇಳಿದು ತಾನೇ ಕತ್ತಿ ಹಿಡಿದ. 1543ರಲ್ಲಿ ಬಂದ ಅವನ ಪುಸ್ತಕ ಗ್ಯಾಲೆನ್‌ನ ತಪ್ಪುಗಳನ್ನ ಎತ್ತಿ ತೋರಿಸಿತು. 1628ರಲ್ಲಿ ವಿಲಿಯಂ ಹಾರ್ವೆ ಪ್ರಾಣಿಗಳ ಹೃದಯ ನೋಡಿ ನೋಡಿ ಲೆಕ್ಕ ಹಾಕಿದ: ಹೃದಯ ಅರ್ಧ ಗಂಟೆಯಲ್ಲಿ ತಳ್ಳೋ ರಕ್ತ ಇಡೀ ದೇಹದಲ್ಲಿರೋ ರಕ್ತಕ್ಕಿಂತ ಹೆಚ್ಚು. ಅಷ್ಟನ್ನ ಊಟದಿಂದ ಹೊಸದಾಗಿ ಮಾಡೋಕೆ ಆಗಲ್ಲ. ಅಂದ್ರೆ ಅದೇ ರಕ್ತ ಸುತ್ತಿ ಸುತ್ತಿ ವಾಪಸ್ ಬರ್ತಿದೆ. ಕ್ಷೌರಿಕ ಕಸುಬಿನಿಂದ ಬಂದ ಆಂಬ್ರೋಸ್ ಪಾರೆ ಫ್ರಾನ್ಸಿನ ರಾಜರ ಶಸ್ತ್ರವೈದ್ಯನಾದ. ಅಲ್ಲಿ ಕುರ್ಚಿಗೂ ಕತ್ತಿಗೂ ಇದ್ದದ್ದು ಅಂತಸ್ತಿನ ಗೋಡೆ. ಕಷ್ಟಪಟ್ಟಾದ್ರೂ ದಾಟಬಹುದಿತ್ತು.

ಇಲ್ಲಿ ಅದು ಹುಟ್ಟಿನ ಗೋಡೆ. ನಮ್ಮಲ್ಲಿ ಸುಶ್ರುತನ ಪರಂಪರೆ ಇತ್ತು, ಒಪ್ಪೋಣ. ಹೆಣವನ್ನ ಹರಿಯೋ ನೀರಿನಲ್ಲಿ ಕೊಳೆಸಿ, ಪದರ ಪದರವಾಗಿ ಕೆರೆದು ನೋಡಿ ಕಲೀಬೇಕು ಅಂತ ಸುಶ್ರುತ ಸಂಹಿತೆ ಹೇಳುತ್ತೆ. ಬರೀ ಶಾಸ್ತ್ರ ಓದಿದವನು ಪೂರ್ತಿ ವೈದ್ಯನಲ್ಲ ಅಂತಲೂ ಹೇಳುತ್ತೆ. ಆದರೆ ಮನುಸ್ಮೃತಿಯ 4ನೇ ಅಧ್ಯಾಯ ತೆಗೆದು ನೋಡಿ. ವೈದ್ಯನ ಮನೆ ಅನ್ನ ಉಣ್ಣಬಾರದು ಅಂತಿದೆ. ರೋಗಿಯನ್ನ ಮುಟ್ಟಿ ವಾಸಿ ಮಾಡುವವನ ಅನ್ನವೇ ಮೈಲಿಗೆ ಅಂದಮೇಲೆ ಸತ್ತ ದನ ಎತ್ತುವವರ ಗತಿ ಏನು?

1836ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಮಧುಸೂದನ ಗುಪ್ತ ಮನುಷ್ಯನ ಹೆಣ ಕೊಯ್ದರು. ಅವರು ವೈದ್ಯ ಜಾತಿಯವರು. ಜಾತಿಯ ಕಟ್ಟು ಮುರಿದ ಸಾಹಸ ಅಂತ ಚರಿತ್ರೆ ಅವರನ್ನ ಹೊಗಳುತ್ತೆ. ಹೊಗಳಲಿ, ಅದು ಧೈರ್ಯವೇ. ಆದರೆ ಅದೇ ಕತ್ತಿ ಅವರ ಕೈಯಲ್ಲಿ ಸಾಹಸ, ನಮ್ಮಜ್ಜನ ಕೈಯಲ್ಲಿ ಹೊಲಸು. ಇವತ್ತಿಗೂ ಎಷ್ಟೋ ಶವಾಗಾರಗಳಲ್ಲಿ ಕೊಯ್ಯೋದು, ಹೊಲಿಯೋದು ನಮ್ಮವರು. ರಿಪೋರ್ಟಿಗೆ ಸಹಿ ಹಾಕೋರು ಬೇರೆಯವರು.

ತಪ್ಪು ತಿಳೀಬೇಡಿ, ಆ ಕಸುಬನ್ನ ನಾನು ಹಾಡಿ ಹೊಗಳ್ತಿಲ್ಲ. 1927ರ ಮಹಾಡ್ ಸಮಾವೇಶದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ತಿನ್ನೋದನ್ನ ಬಿಡಿ ಅಂದರು. ಸರಿಯಾಗೇ ಅಂದರು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲೀತಿದ್ದ ನಮ್ಮ ಹುಡುಗರನ್ನ ಕಟ್ಟಿ ಹೊಡೆದರು. ಆಮೇಲೆ ಸುರೇಂದ್ರನಗರದ ದಲಿತರು ಸತ್ತ ದನಗಳನ್ನ ತಂದು ಸರ್ಕಾರಿ ಕಚೇರಿ ಮುಂದೆ ಸುರಿದು, ನಿಮ್ಮ ಗೋಮಾತೆಯನ್ನ ನೀವೇ ಎತ್ಕೊಳ್ಳಿ ಅನ್ನೋ ಹಾಗೆ ತಿರುಗಿಬಿದ್ದರು. ಅದೂ ಸರಿ. ಅಪ್ಪನೂ ಆ ಕೆಲಸ ಬಿಟ್ಟು ಎಷ್ಟೋ ಕಾಲವಾಯ್ತು.

ಕಸುಬು ಬಿಡೋಣ. ಆದರೆ ನಮ್ಮ ಹಿರಿಯರಿಗೆ ಏನೂ ಗೊತ್ತಿರಲಿಲ್ಲ ಅನ್ನೋ ಸುಳ್ಳನ್ನ ಯಾಕೆ ಒಪ್ಪಬೇಕು? ಅವರಿಗೆ ಗೊತ್ತಿತ್ತು. ಬರೆಯೋಕೆ ಬಿಡಲಿಲ್ಲ, ಅಷ್ಟೇ.

ಅವತ್ತು ರಾತ್ರಿ ಅಣ್ಣನ ಮಗಳು ನೋಟ್‌ಬುಕ್ ಹಿಡಿದು ತಾತನ ಪಕ್ಕ ಕೂತಳು. ಅಪ್ಪ ಹೇಳ್ತಿದ್ರು, ಅವಳು ಬರ್ಕೊಳ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ತಾತ, ಅಜ್ಜಿ ಇದ್ದರೆ ಇವತ್ತೇ ಕೂತು ಕೇಳಿ, ಬರೆದಿಡಿ.

ಜೈ ಭೀಮ್.