ಶಾಲೆಯ ಬಾಗಿಲು, ಅಡುಗೆಮನೆಯ ಹೊಸ್ತಿಲು: ಕೋಲಾರ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಜಾತಿ ಪ್ರತ್ಯೇಕತೆ ಮತ್ತು ಅದರ ವಿರುದ್ಧದ ಆದೇಶಗಳ ಚರಿತ್ರೆ

ಸಾರ್ವಜನಿಕ ಹಣದಿಂದ ನಡೆಯುವ ಶಾಲೆಯಲ್ಲಿ ಒಂದು ಸಮುದಾಯದ ಮಕ್ಕಳನ್ನು ಬೇರೆಯಾಗಿ ಕೂರಿಸುವುದು, ಅವರಿಗೆಂದೇ ಬೇರೆ ಶಾಲೆ ತೆರೆಯುವುದು, ಇಲ್ಲವೇ ಅವರನ್ನು ಪೂರ್ತಿಯಾಗಿ ಹೊರಗಿಡುವುದು, ಈ ಮೂರನ್ನೂ ಒಟ್ಟಾಗಿ ಶಾಲಾ ಪ್ರತ್ಯೇಕತೆ ಎಂದು ಕರೆಯಬಹುದು. ಅಮೆರಿಕದಲ್ಲಿ ಕರಿಯರ ಮಕ್ಕಳಿಗೂ ಬಿಳಿಯರ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿದ್ದ ವ್ಯವಸ್ಥೆಯನ್ನು ಅಲ್ಲಿನ ಸುಪ್ರೀಂ ಕೋರ್ಟು 1954ರ ಮೇ 17ರಂದು ಬ್ರೌನ್ ಪ್ರಕರಣದಲ್ಲಿ ಸಂವಿಧಾನಬಾಹಿರವೆಂದು ಸಾರಿತು; ಆ ಬಳಿಕ ಒಂದೊಂದು ಜಿಲ್ಲೆಯ ಶಾಲಾ ಆಡಳಿತವೂ ನ್ಯಾಯಾಲಯದ ಕಣ್ಗಾವಲಿನಲ್ಲಿ ಮಕ್ಕಳನ್ನು ಬೆರೆಸಬೇಕಾಯಿತು. ಕರ್ನಾಟಕದಲ್ಲಿ ಇಂಥ ಒಂದೇ ಒಂದು ದೊಡ್ಡ ತೀರ್ಪು ಬರಲಿಲ್ಲ. ಇಲ್ಲಿ ಶಾಲೆಯ ಬಾಗಿಲನ್ನು ತೆರೆದದ್ದು ಮೊದಲು ಈಸ್ಟ್ ಇಂಡಿಯಾ ಕಂಪನಿಯ ಪತ್ರ, ಆಮೇಲೆ ಮೈಸೂರು ಅರಸರ ಸರ್ಕಾರದ ಆದೇಶ, ಕೊನೆಗೆ ಸಂವಿಧಾನ. ನ್ಯಾಯಾಲಯ ನೇರವಾಗಿ ಶಾಲೆಯೊಳಕ್ಕೆ ಬಂದದ್ದು ಬಹಳ ತಡವಾಗಿ, ಅದೂ ತರಗತಿಯ ಕೋಣೆಯ ಮೂಲಕವಲ್ಲ, ಅಡುಗೆಮನೆಯ ಮೂಲಕ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಈ ಚರಿತ್ರೆಯನ್ನು ನೋಡುವುದಕ್ಕೆ ಕಾರಣವಿದೆ. 2011ರ ಜನಗಣತಿಯ ಪ್ರಕಾರ ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಯವರ ಪಾಲು ಸುಮಾರು ಶೇ. 30ರಷ್ಟಿದ್ದು, ಅದು ರಾಜ್ಯದ ಎಲ್ಲ ಜಿಲ್ಲೆಗಳಿಗಿಂತ ಹೆಚ್ಚಿನದು. ಹೀಗಾಗಿ ಈ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದು ಜಿಲ್ಲೆಯ ಸುಮಾರು ಮೂರನೇ ಒಂದು ಭಾಗ ಜನರ ಬದುಕಿನ ಪ್ರಶ್ನೆ.

ಕನ್ನಡ ನಾಡಿನಲ್ಲಿ ಈ ವಿಷಯ ಮೊದಲ ಬಾರಿಗೆ ಸರ್ಕಾರದ ಕಡತಕ್ಕೆ ಏರಿದ್ದು ಕೋಲಾರದಲ್ಲಿ ಅಲ್ಲ, ಧಾರವಾಡದಲ್ಲಿ. 1856ರ ಜೂನ್ ತಿಂಗಳಲ್ಲಿ ಮಹಾರ್ ಜಾತಿಯ ಹುಡುಗನೊಬ್ಬ, ತಾನು ಎಲ್ಲರಂತೆ ಶುಲ್ಕ ಕೊಡಲು ಸಿದ್ಧನಿದ್ದರೂ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲವೆಂದು ಅರ್ಜಿ ಹಾಕಿದನು. ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಸರ್ಕಾರ ಜುಲೈ 21ರಂದು ಹೊರಡಿಸಿದ ನಿರ್ಣಯದಲ್ಲಿ ನ್ಯಾಯ ಅರ್ಜಿದಾರನ ಪಕ್ಷದಲ್ಲಿಯೇ ಇದೆ ಎಂದು ಒಪ್ಪಿಕೊಂಡಿತಾದರೂ, ಒಬ್ಬಿಬ್ಬರ ಸಲುವಾಗಿ ಯುಗಯುಗಗಳ ನಂಬಿಕೆಗಳನ್ನು ಏಕಾಏಕಿ ಕೆಣಕಿದರೆ ಶಿಕ್ಷಣಕ್ಕೇ ಹಾನಿಯಾದೀತೆಂದು ಹೇಳಿ ಅವನ ಕೋರಿಕೆಯನ್ನು ತಳ್ಳಿಹಾಕಿತು. ಈ ತರ್ಕವನ್ನು ಗಮನಿಸಬೇಕು, ಏಕೆಂದರೆ ಮುಂದಿನ ನೂರೈವತ್ತು ವರ್ಷಗಳಲ್ಲಿ ಇದೇ ತರ್ಕ ಬೇರೆ ಬೇರೆ ವೇಷಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿತು: ನ್ಯಾಯವೇನೋ ಸರಿ, ಆದರೆ ಶಾಲೆ ಖಾಲಿಯಾದರೆ ಏನು ಗತಿ ಎಂಬುದೇ ಅದರ ತಿರುಳು. ಭಾರತ ಸರ್ಕಾರ 1857ರ ಜನವರಿಯಲ್ಲಿ ಈ ನಿಲುವಿನ ಬಗ್ಗೆ ಸಂಶಯ ವ್ಯಕ್ತಪಡಿಸಿ, ಬಂಗಾಳ ಪ್ರಾಂತದಲ್ಲಾಗಿದ್ದರೆ ಆ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲವೆಂದಿತು. ಲಂಡನ್ನಿನಲ್ಲಿದ್ದ ಕಂಪನಿಯ ನಿರ್ದೇಶಕರ ಮಂಡಳಿ 1858ರ ಏಪ್ರಿಲ್ 28ರ ಪತ್ರದಲ್ಲಿ ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ವದಿಂದ ಹಿಂದೆ ಸರಿಯಲಾಗದೆಂದು ತಿಳಿಸಿತು. ಡಾ. ಬಿ.ಆರ್. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿಯನ್ನು ಮಂಡಿಸಿದಾಗ ಈ ಧಾರವಾಡದ ಪ್ರಕರಣವನ್ನೇ ಎತ್ತಿ ತೋರಿಸಿದರು. ತತ್ವವೊಂದು ಕಾಗದದ ಮೇಲೆ ಉಳಿದು, ಬಾಗಿಲು ಮಾತ್ರ ಮುಚ್ಚಿಯೇ ಇರಬಹುದೆಂಬುದಕ್ಕೆ ಅದು ಅವರಿಗೆ ಒದಗಿದ ಸಾಕ್ಷ್ಯವಾಗಿತ್ತು.

ಕೋಲಾರ ಸೀಮೆ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅಲ್ಲಿ ಅಸ್ಪೃಶ್ಯರೆಂದು ಊರಾಚೆ ಇರಿಸಲಾಗಿದ್ದ ಸಮುದಾಯಗಳನ್ನು ಸರ್ಕಾರದ ದಾಖಲೆಗಳು ಪಂಚಮರು, ಅಂದರೆ ನಾಲ್ಕು ವರ್ಣಗಳಿಗೆ ಹೊರಗಿನ ಐದನೆಯವರು, ಎಂದು ಕರೆಯುತ್ತಿದ್ದವು. ಅವರ ಮಕ್ಕಳಿಗೆ ಮೊದಲು ಅಕ್ಷರ ಕಲಿಸಿದವರಲ್ಲಿ ಮಿಷನರಿಗಳು ಮುಖ್ಯರು. 1876-78ರ ಭೀಕರ ಕ್ಷಾಮದ ಕಾಲದಲ್ಲಿ ಕೋಲಾರದಲ್ಲಿ ಅನಾಥ ಮಕ್ಕಳ ಆಶ್ರಯಧಾಮ ನಡೆಸಿದ ಮಿಸ್ ಆನ್‌ಸ್ಟಿ ಅವರ ಕೆಲಸವನ್ನು ಮುಂದೆ ಅಮೆರಿಕದ ಮೆಥಡಿಸ್ಟ್ ಮಿಷನ್ ವಹಿಸಿಕೊಂಡಿತು. ಕೋಲಾರ ಪಟ್ಟಣದ ಮಿಷನ್ ಶಾಲೆಗಳ ಹಿನ್ನೆಲೆ ಇದು. ಸಂಸ್ಥಾನವೂ ಪಂಚಮ ಶಾಲೆಗಳೆಂಬ ಪ್ರತ್ಯೇಕ ಶಾಲೆಗಳನ್ನು ತೆರೆಯಿತು. ಈ ಶಾಲೆಗಳನ್ನು ಸುಲಭವಾಗಿ ನಿಂದಿಸುವುದು ಸರಿಯಲ್ಲ. ಬೇರೆಲ್ಲೂ ಪ್ರವೇಶವಿಲ್ಲದಿದ್ದ ಮಕ್ಕಳಿಗೆ ಅವು ಏಕೈಕ ಆಸರೆಯಾಗಿದ್ದವು. ಆದರೆ ಊರಿನ ಶಾಲೆಗೆ ಆ ಮಕ್ಕಳನ್ನು ಸೇರಿಸದಿರುವುದಕ್ಕೆ ಅವುಗಳೇ ನೆಪವೂ ಆದವು.

1915ರಲ್ಲಿ ಮೈಸೂರು ಸರ್ಕಾರ, ಸಾರ್ವಜನಿಕ ಶಾಲೆಗಳಲ್ಲಿ ಜಾತಿಯ ಕಾರಣದಿಂದ ಯಾವ ಮಗುವಿಗೂ ಪ್ರವೇಶ ನಿರಾಕರಿಸಕೂಡದೆಂಬ ನಿಲುವನ್ನು ತೆಗೆದುಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ ಮತ್ತು ಎರಡು ವರ್ಷ ಹಿಂದೆಯಷ್ಟೇ ಜಾರಿಗೆ ಬಂದಿದ್ದ 1913ರ ಪ್ರಾಥಮಿಕ ಶಿಕ್ಷಣದ ಕಾನೂನು, ಇವೆಲ್ಲವೂ ಈ ನಿಲುವಿನ ಹಿನ್ನೆಲೆಯಲ್ಲಿವೆ. ಶೃಂಗೇರಿಯಲ್ಲಿ ಪಂಚಮ ಮಕ್ಕಳ ಶಾಲಾ ಪ್ರವೇಶದ ಕುರಿತು ಎದ್ದ ವಿವಾದದಂಥ ಸಂದರ್ಭಗಳಲ್ಲಿ ಸಂಪ್ರದಾಯಸ್ಥರ ಪ್ರತಿರೋಧ ಬಲವಾಗಿಯೇ ವ್ಯಕ್ತವಾಯಿತು. ಮುಂದೆ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ ಸಿ.ಆರ್. ರೆಡ್ಡಿಯವರು ಈ ನಿಲುವಿಗೆ ಇಲಾಖೆಯ ಒಳಗಿನಿಂದ ಬಲ ಕೊಟ್ಟರು. 1920ರ ದಶಕದಲ್ಲಿ ಪಂಚಮ ಎಂಬ ಹೆಸರನ್ನು ಕೈಬಿಟ್ಟು ಆದಿಕರ್ನಾಟಕ, ಆದಿದ್ರಾವಿಡ ಎಂಬ ಹೆಸರುಗಳನ್ನು ಸರ್ಕಾರ ಅಂಗೀಕರಿಸಿತು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ದಲಿತರ ಕೇರಿಯನ್ನು ಇಂದಿಗೂ ‘ಎ.ಕೆ. ಕಾಲೋನಿ’ ಎನ್ನುವ ರೂಢಿ ಆ ಆದಿಕರ್ನಾಟಕ ಎಂಬ ಹೆಸರಿನಿಂದಲೇ ಬಂದದ್ದು. ಗೌರವ ಕೊಡಲೆಂದು ಹುಟ್ಟಿದ ಹೆಸರು ಕಾಲಾಂತರದಲ್ಲಿ ಊರಿನಿಂದ ಬೇರೆಯಾದ ಒಂದು ಜಾಗದ ಗುರುತಾಗಿ ನಿಂತದ್ದು ಈ ಇಡೀ ಚರಿತ್ರೆಯ ನೋವಿನ ಸಂಗತಿಗಳಲ್ಲೊಂದು.

ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪ, ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್, ಇವರಿಬ್ಬರೂ ಶಾಲೆ ಕಲಿತದ್ದು 1915ಕ್ಕೆ ಮುಂಚಿನ ದಿನಗಳಲ್ಲಿ. ಕನ್ನಡಕ್ಕೆ ಇಷ್ಟು ದೊಡ್ಡ ಲೇಖಕರನ್ನು ಕೊಟ್ಟ ನೆಲದಲ್ಲಿ ಅದೇ ಕಾಲದಲ್ಲಿ ಶಾಲೆಯ ಜಗಲಿಯನ್ನೂ ಹತ್ತಲಾಗದ ಮಕ್ಕಳಿದ್ದರೆಂಬುದನ್ನು ನಾಡಿನ ಸಾಹಿತ್ಯ ಚರಿತ್ರೆ ಬರೆಯುವವರು ಮರೆಯಬಾರದು. ಇದು ಆ ಲೇಖಕರ ಮೇಲಿನ ಆಪಾದನೆಯಲ್ಲ, ಕಳೆದುಹೋದ ಪ್ರತಿಭೆಗಳ ಲೆಕ್ಕ.

ಸ್ವಾತಂತ್ರ್ಯಾನಂತರ ಪ್ರಶ್ನೆ ಸಂವಿಧಾನದ ಅಂಗಳಕ್ಕೆ ಬಂದಿತು. ಮೈಸೂರಿನ ಪ್ರತಿನಿಧಿಯಾಗಿ ಸಂವಿಧಾನ ಸಭೆಯಲ್ಲಿದ್ದ ಟಿ. ಚನ್ನಯ್ಯನವರ ಹೆಸರು ಕೋಲಾರದ ರಂಗಮಂದಿರಕ್ಕೆ ಇದೆ. ದಕ್ಷಿಣ ಭಾರತದ ಸಾಮಾಜಿಕ ಸ್ಥಿತಿಯನ್ನು ಸಭೆಯ ಗಮನಕ್ಕೆ ತಂದವರಲ್ಲಿ ಅವರೂ ಒಬ್ಬರು. 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. 29(2)ನೆಯ ವಿಧಿ ಸರ್ಕಾರದ ಅಥವಾ ಸರ್ಕಾರದ ನೆರವು ಪಡೆವ ಶಾಲೆಗಳಲ್ಲಿ ಧರ್ಮ, ಜನಾಂಗ, ಜಾತಿ, ಭಾಷೆಗಳ ಕಾರಣಕ್ಕೆ ಪ್ರವೇಶ ನಿರಾಕರಿಸುವುದನ್ನು ನಿಷೇಧಿಸಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ಅಂದರೆ 1976ರ ತಿದ್ದುಪಡಿಯಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯೆಂದು ಹೆಸರಾದದ್ದು, ಶಾಲೆಗೆ ಸೇರಿಸಿಕೊಳ್ಳದಿರುವುದನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿತು. ಬ್ರೌನ್ ತೀರ್ಪಿಗೆ ನಾಲ್ಕು ವರ್ಷ ಮೊದಲೇ ಭಾರತ ಈ ತತ್ವವನ್ನು ಸಂವಿಧಾನದಲ್ಲಿ ಬರೆದುಕೊಂಡಿತ್ತು. ವಿಚಿತ್ರವೆಂದರೆ, ಸಂವಿಧಾನ ಬಂದ ಮೇಲೆ ನ್ಯಾಯಾಲಯಗಳಿಗೆ ಹೋದ ಪ್ರಸಿದ್ಧ ಪ್ರಕರಣಗಳು ಹಳ್ಳಿಶಾಲೆಯದಲ್ಲ, ಕಾಲೇಜಿನವು: ಮದರಾಸಿನ ಚಂಪಕಂ ದೊರೈರಾಜನ್ ಪ್ರಕರಣ (1951) ಮತ್ತು ಮೈಸೂರು ರಾಜ್ಯದ ಬಾಲಾಜಿ ಪ್ರಕರಣ (1962). ಎರಡರಲ್ಲೂ ನ್ಯಾಯಾಲಯದ ಮೊರೆಹೊಕ್ಕವರು ಮೀಸಲಾತಿಯ ವಿರುದ್ಧ ನಿಂತವರು. ಹಳ್ಳಿಯ ಶಾಲೆಯಲ್ಲಿ ನೀರಿನ ಲೋಟ ಬೇರೆ ಇಡಲಾದ ಮಗುವಿನ ಪರವಾಗಿ ಹೈಕೋರ್ಟಿಗೆ ಅರ್ಜಿ ಹಾಕುವ ಶಕ್ತಿ ಆ ಮಗುವಿನ ಕೂಲಿಕಾರ ತಂದೆತಾಯಿಗೆ ಇರಲಿಲ್ಲವೆಂಬುದೇ ಇದಕ್ಕೆ ಸರಳ ವಿವರಣೆ.

ಆದ್ದರಿಂದ 2001ರ ಏಪ್ರಿಲ್‌ನಲ್ಲಿ ಪಿಯುಸಿಎಲ್ ಸಂಸ್ಥೆ, ಅಂದರೆ ನಾಗರಿಕ ಸ್ವಾತಂತ್ರ್ಯಗಳ ಒಕ್ಕೂಟ, ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯನ್ನು ಶಾಲಾ ಪ್ರತ್ಯೇಕತೆಯ ಚರಿತ್ರೆಯಲ್ಲಿಟ್ಟು ಓದಬೇಕು. ರಾಜಸ್ಥಾನದ ಬರಗಾಲದ ಹಿನ್ನೆಲೆಯಲ್ಲಿ, ಸರ್ಕಾರಿ ಗೋದಾಮುಗಳಲ್ಲಿ ಧಾನ್ಯ ಕೊಳೆಯುತ್ತಿರುವಾಗ ಜನ ಹಸಿವಿನಿಂದ ನರಳುತ್ತಿದ್ದಾರೆಂದು ಹೂಡಿದ ದಾವೆ ಅದು. 2001ರ ನವೆಂಬರ್ 28ರಂದು ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಬಿಸಿಯೂಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅದು ‘ಅಕ್ಷರ ದಾಸೋಹ’ವಾಗಿ ಮೊದಲು ಈಶಾನ್ಯ ಜಿಲ್ಲೆಗಳಲ್ಲಿ, ಆಮೇಲೆ ಕೋಲಾರವೂ ಸೇರಿದಂತೆ ಉಳಿದೆಡೆ ಜಾರಿಗೆ ಬಂದಿತು. 2004ರ ಏಪ್ರಿಲ್ 20ರ ಇನ್ನೊಂದು ಆದೇಶದಲ್ಲಿ ಅಡುಗೆಯವರ ಮತ್ತು ಸಹಾಯಕರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ನ್ಯಾಯಾಲಯ ಹೇಳಿತು. ಆದೇಶಗಳ ಪಾಲನೆಯನ್ನು ನೋಡಿಕೊಳ್ಳಲು ಕಮಿಷನರುಗಳನ್ನೂ ನೇಮಿಸಿತ್ತು. ಈ ನಾಡಿನ ಜಾತಿಪದ್ಧತಿಯನ್ನು ಬಲ್ಲವರಿಗೆ 2004ರ ಆ ಒಂದು ವಾಕ್ಯದ ತೂಕ ಗೊತ್ತಾಗುತ್ತದೆ. ಪಕ್ಕದಲ್ಲಿ ಕೂರುವುದನ್ನು ಒಪ್ಪಿದ ಮನೆಯವರೂ ಯಾರು ಬೇಯಿಸಿದ ಅನ್ನ ಎಂಬ ಪ್ರಶ್ನೆಯಲ್ಲಿ ನಿಂತುಬಿಡುತ್ತಾರೆ. ಅಸ್ಪೃಶ್ಯತೆಯ ಬೇರು ಇರುವುದು ಅಡುಗೆಮನೆಯಲ್ಲಿ, ಕುಡಿಯುವ ನೀರಿನಲ್ಲಿ. ನ್ಯಾಯಾಲಯ ಕೈಯಿಟ್ಟದ್ದು ನೇರವಾಗಿ ಅಲ್ಲಿಗೇ.

ಪ್ರತಿರೋಧವೂ ಅಲ್ಲಿಯೇ ಎದುರಾಯಿತು. 2015ರಲ್ಲಿ ಕೋಲಾರ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮುಖ್ಯ ಅಡುಗೆಯವರಾಗಿ ದಲಿತ ಮಹಿಳೆ ಬಂದ ಮೇಲೆ, 118 ಮಕ್ಕಳಲ್ಲಿ ಸುಮಾರು ನೂರು ಮಕ್ಕಳನ್ನು ಪೋಷಕರು ಶಾಲೆ ಬಿಡಿಸಿದ್ದಾಗಿ ಪತ್ರಿಕೆಗಳಲ್ಲಿ ವರದಿಯಾಯಿತು. ಬಿಟ್ಟುಹೋದವರು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗಳಿಗೆ ಸೇರಿದರು; ಕಾನೂನಿನ ದೃಷ್ಟಿಯಲ್ಲಿ ಮಗುವನ್ನು ಬೇರೆ ಶಾಲೆಗೆ ಸೇರಿಸುವುದು ಅಪರಾಧವಲ್ಲ. ಅಮೆರಿಕದ ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಆಡಳಿತವು ಕರಿಯರ ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕಿಂತ ಲೇಸೆಂದು 1959ರಿಂದ 1964ರವರೆಗೆ ಎಲ್ಲ ಸಾರ್ವಜನಿಕ ಶಾಲೆಗಳನ್ನೂ ಮುಚ್ಚಿತ್ತು. ಕೋಲಾರದ ಹಳ್ಳಿಯಲ್ಲಿ ಯಾರೂ ಶಾಲೆ ಮುಚ್ಚಿಸಲಿಲ್ಲ, ಖಾಲಿ ಮಾಡಿದರು. ಎರಡರ ಫಲ ಒಂದೇ: ಉಳಿದದ್ದು ಬೇರೆಲ್ಲೂ ಹೋಗಲಾಗದ ಮಕ್ಕಳು. 1856ರಲ್ಲಿ ಮುಂಬಯಿ ಸರ್ಕಾರ ಯಾವುದಕ್ಕೆ ಹೆದರಿತ್ತೋ ಅದೇ ಇಲ್ಲಿ ನಿಜವಾಯಿತು. ಹಾಗೆಂದು ಆ ಹೆದರಿಕೆ ಸರಿಯಾಗಿತ್ತೆಂದಲ್ಲ. ಬಿಟ್ಟುಹೋಗುವವರ ಹಟಕ್ಕೆ ಮಣಿದು ಅಡುಗೆಯವರನ್ನು ಬದಲಿಸಿದ್ದರೆ ಶಾಲೆ ತುಂಬಿರುತ್ತಿತ್ತು, ಆದರೆ ಅದು ಸರ್ಕಾರಿ ಶಾಲೆಯೆಂಬ ಹೆಸರಿಗೆ ಅರ್ಹವಾಗಿ ಉಳಿಯುತ್ತಿರಲಿಲ್ಲ.

ಸರ್ಕಾರಿ ಶಾಲೆಗಳನ್ನು ಬಿಟ್ಟು ಖಾಸಗಿ ಶಾಲೆಗಳ ಕಡೆಗೆ ಸಾಗುವ ವಲಸೆಗೆಲ್ಲ ಜಾತಿಯೊಂದೇ ಕಾರಣವೆನ್ನುವುದು ಅನ್ಯಾಯವಾದೀತು. ಇಂಗ್ಲಿಷ್ ಮಾಧ್ಯಮದ ಆಸೆ, ಶಿಕ್ಷಕರ ಕೊರತೆ, ಮುಳಬಾಗಿಲು ಮತ್ತು ಶ್ರೀನಿವಾಸಪುರದ ತೆಲುಗು ಮನೆಮಾತಿನ ಮಕ್ಕಳಿಗೆ ಕನ್ನಡ ಶಾಲೆಯಲ್ಲಿ ಎದುರಾಗುವ ತೊಡಕು, ಇವೂ ಇವೆ. ದಲಿತರಲ್ಲಿಯೂ ಅನುಕೂಲವಾದವರು ಮಕ್ಕಳನ್ನು ಖಾಸಗಿ ಶಾಲೆಗೇ ಕಳಿಸುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟು 1971ರ ಸ್ವಾನ್ ಪ್ರಕರಣದಲ್ಲಿ ಮಕ್ಕಳನ್ನು ಬೆರೆಸುವುದಕ್ಕಾಗಿ ಬಸ್ಸುಗಳಲ್ಲಿ ದೂರದ ಶಾಲೆಗೆ ಕರೆದೊಯ್ಯುವುದನ್ನು ಒಪ್ಪಿತು. ಕೋಲಾರದ ಹಳ್ಳಿಗಳಿಂದ ಬೆಳಗ್ಗೆ ಹೊರಡುವ ಖಾಸಗಿ ಶಾಲೆಗಳ ಹಳದಿ ಬಸ್ಸುಗಳು ಮಾಡುತ್ತಿರುವುದು ಅದಕ್ಕೆ ವಿರುದ್ಧವಾದ ಕೆಲಸ. ಈ ಅಂತರವನ್ನು ತುಂಬಬಹುದಾಗಿದ್ದ ಸಾಧನ 2009ರ ಶಿಕ್ಷಣ ಹಕ್ಕು ಕಾಯಿದೆ. ಕರ್ನಾಟಕದ ವೈದ್ಯಕೀಯ ಕಾಲೇಜಿನ ಶುಲ್ಕದ ವಿಚಾರದಲ್ಲಿ ಹುಟ್ಟಿದ ಮೋಹಿನಿ ಜೈನ್ ಪ್ರಕರಣ (1992) ಮತ್ತು ಉನ್ನಿಕೃಷ್ಣನ್ ಪ್ರಕರಣ (1993) ಶಿಕ್ಷಣವನ್ನು ಹಕ್ಕೆಂದು ಗುರುತಿಸಿದ್ದರಿಂದ ಬೆಳೆದುಬಂದ ಕಾಯಿದೆ ಅದು. ಅದರ 12(1)(ಸಿ) ವಿಧಿಯಂತೆ ಅನುದಾನರಹಿತ ಖಾಸಗಿ ಶಾಲೆಗಳು ಆರಂಭದ ತರಗತಿಯ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕು. 2012ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು, ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಹೊರತುಪಡಿಸಿ, ಇದನ್ನು ಎತ್ತಿಹಿಡಿಯಿತು. ಕರ್ನಾಟಕ ಮಾತ್ರ ಆಮೇಲೆ ನಿಯಮ ತಿದ್ದಿ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಹೊಣೆಯಿಲ್ಲವೆಂದಿತು. 2019ರ ಮೇ ತಿಂಗಳಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನು ಒಪ್ಪಿತು. ಸರ್ಕಾರಿ ಶಾಲೆಗಳು ಉಳಿಯಲೆಂಬ ವಾದದಲ್ಲಿ ಹುರುಳಿದೆ. ಆದರೆ ಹಳ್ಳಿಹಳ್ಳಿಗೂ ಸರ್ಕಾರಿ ಶಾಲೆಯಿರುವ ಈ ಜಿಲ್ಲೆಯಲ್ಲಿ ಅದರ ಪರಿಣಾಮವೆಂದರೆ, ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಲು ಇದ್ದ ಕಾನೂನಿನ ಕೊನೆಯ ದಾರಿಯೂ ಕಿರಿದಾದದ್ದು.

2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗಿಳಿಸಿ ಶುಚಿ ಮಾಡಿಸಿದ ಸುದ್ದಿ ನಾಡಿನ ತುಂಬ ಹರಡಿತು, ಬಂಧನಗಳೂ ಆದವು. ಆ ಮಕ್ಕಳು ಶಾಲೆಯ ಹೊರಗಿರಲಿಲ್ಲ. ದಾಖಲಾಗಿದ್ದರು, ಅಲ್ಲಿಯೇ ಉಣ್ಣುತ್ತಿದ್ದರು, ಮಲಗುತ್ತಿದ್ದರು. 1915ರ ನಿಲುವಿನ ಮಟ್ಟಿಗೆ ಹೇಳುವುದಾದರೆ ಬಾಗಿಲು ಪೂರ್ತಿ ತೆರೆದಿತ್ತು. ಜಾತಿ ಒಳಗೆ ಕಾದಿತ್ತು.

ಈ ಚರಿತ್ರೆಯ ಬಹುಭಾಗ ಇನ್ನೂ ಬರೆಯಲ್ಪಟ್ಟಿಲ್ಲ. ಯಾವ ಊರಿನ ಶಾಲೆಗೆ ಯಾವ ವರ್ಷ ಮೊದಲ ದಲಿತ ಮಗು ಸೇರಿತು, ಅದೇ ವರ್ಷ ಎಷ್ಟು ಮಂದಿ ಬಿಟ್ಟುಹೋದರು, ಹೆಣ್ಣುಮಕ್ಕಳು ಯಾವಾಗ ಬಂದರು ಎಂಬುದಕ್ಕೆಲ್ಲ ಉತ್ತರವಿರುವುದು ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ. ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಸೇರಿದ ದಿನ, ಬಿಟ್ಟ ದಿನ ಮತ್ತು ಬಿಟ್ಟ ಕಾರಣ ಅಲ್ಲಿ ಸಾಲಾಗಿ ನಮೂದಾಗಿರುತ್ತವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ನೂರು ವರ್ಷ ಕಂಡ ಶಾಲೆಗಳ ಮುಖ್ಯೋಪಾಧ್ಯಾಯರೂ ಶಾಲಾಭಿವೃದ್ಧಿ ಸಮಿತಿಗಳೂ ಈ ಪುಸ್ತಕಗಳನ್ನು ಗೆದ್ದಲಿಗೂ ರದ್ದಿಗೂ ಬಿಡದೆ ಕಾಪಾಡಬೇಕು, ಪತ್ರಾಗಾರ ಇಲಾಖೆ ಅವುಗಳ ಪ್ರತಿ ತೆಗೆಸಿ ಇರಿಸಬೇಕು.