ಲೂಪ್ (ಪ್ರೋಗ್ರಾಮಿಂಗ್)

ಲೂಪ್ ಅಥವಾ ಆವರ್ತನೆ ಎಂಬುದು ಕೆಲವು ಆದೇಶಗಳನ್ನು ಗಣಕಯಂತ್ರವು ಮತ್ತೆ ಮತ್ತೆ ನಿರ್ವಹಿಸುವಂತೆ ಮಾಡುವ ರಚನೆಯಾಗಿದೆ. ಅದು ಎಷ್ಟು ಬಾರಿ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅದರ ಹೆಸರು ಮತ್ತು ವಾಕ್ಯರಚನೆಯಿಂದಲೇ ತಿಳಿಯಬೇಕಾದುದರಿಂದ, ಪ್ರೋಗ್ರಾಮಿಂಗ್ ಭಾಷೆಗಳ ವಿನ್ಯಾಸದಲ್ಲಿ ಇವುಗಳ ಆಯ್ಕೆಗೆ ಮಹತ್ವವಿದೆ.

ವಿಧಗಳು

ಲೂಪ್‌ಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ. ನಿಗದಿತ ಸಂಖ್ಯೆಯಷ್ಟು ಬಾರಿ ನಡೆಯುವುದು ಮೊದಲನೆಯದು. ಷರತ್ತಿಗೆ ಒಳಪಟ್ಟು ನಡೆಯುವುದು ಎರಡನೆಯದು. ಪಟ್ಟಿಯ ಪ್ರತಿಯೊಂದು ಅಂಶಕ್ಕೂ ನಡೆಯುವುದು ಮೂರನೆಯದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ತಾಲ್ಲೂಕುಗಳ ಪಟ್ಟಿಯನ್ನು ಕೊಟ್ಟು ಒಂದೊಂದರ ಹೆಸರನ್ನೂ ಮುದ್ರಿಸುವಂತೆ ಹೇಳುವುದು ಮೂರನೆಯ ವಿಧಕ್ಕೆ ಉದಾಹರಣೆ.

ಇತಿಹಾಸ

1957ರ ಫೋರ್ಟ್ರಾನ್ ಭಾಷೆಯಲ್ಲಿ ಲೂಪ್‌ಗೆ ‘ಡು’ ಎಂಬ ಪದವಿತ್ತು. ಆ ಭಾಷೆಯು ಪದಗಳ ನಡುವಿನ ಖಾಲಿ ಜಾಗವನ್ನು ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಆದಕಾರಣ ‘ಡು 10 ಐ = 1,10’ ಎಂಬಲ್ಲಿ ಅಲ್ಪವಿರಾಮದ ಬದಲು ಚುಕ್ಕಿ ಬಿದ್ದರೆ, ಅದು ಲೂಪ್ ಆಗದೆ ‘ಡು10ಐ’ ಎಂಬ ಚರಕ್ಕೆ 1.10 ಬೆಲೆ ನೀಡುವ ಆದೇಶವಾಗುತ್ತಿತ್ತು. ವಾಕ್ಯರಚನೆಯ ಅಸ್ಪಷ್ಟತೆಯಿಂದ ತಪ್ಪು ಮರೆಯಾಗಬಲ್ಲದೆಂಬುದಕ್ಕೆ ಇದು ಪ್ರಸಿದ್ಧ ನಿದರ್ಶನ.

ಹೈಂಜ್ ರುಟಿಸ್‌ಹೌಸರ್ ತಮ್ಮ ಭಾಷೆಯಲ್ಲಿ ಬಳಸಿದ ಜರ್ಮನ್ ಪದ ‘ಫ್ಯೂರ್’, ಆಲ್ಗಾಲ್ 58ರಲ್ಲಿ ‘ಫಾರ್’ ಆಯಿತು. ನಿಕ್ಲೌಸ್ ವಿರ್ತ್ ಅವರ ಪಾಸ್ಕಲ್ (1970) ‘ಫಾರ್’, ‘ವೈಲ್’, ‘ರಿಪೀಟ್–ಅಂಟಿಲ್’ ಎಂದು ಪ್ರತ್ಯೇಕ ಹೆಸರುಗಳನ್ನಿಟ್ಟುಕೊಂಡರೆ, 2009ರಲ್ಲಿ ಪ್ರಕಟವಾದ ಗೋ ಭಾಷೆಯು ಎಲ್ಲಕ್ಕೂ ‘ಫಾರ್’ ಒಂದನ್ನೇ ಬಳಸುತ್ತದೆ.

ಕನ್ನಡದಲ್ಲಿ

ಮಕ್ಕಳ ಕಲಿಕೆಗಾಗಿ 1967ರಲ್ಲಿ ರೂಪುಗೊಂಡ ಲೋಗೋ ಭಾಷೆಯ ಕನ್ನಡ ಆವೃತ್ತಿಯನ್ನು ಯು. ಬಿ. ಪವನಜ ಸಿದ್ಧಪಡಿಸಿದ್ದಾರೆ. ಮುಂದೆ ಚಲಿಸಿ 90 ಡಿಗ್ರಿ ಬಲಕ್ಕೆ ತಿರುಗುವ ಆದೇಶವನ್ನು 4 ಬಾರಿ ಪುನರಾವರ್ತಿಸಿದರೆ ಲೋಗೋದಲ್ಲಿ ಚೌಕ ಮೂಡುತ್ತದೆ.

ಷರತ್ತಿನ ಲೂಪ್‌ಗೆ ಕನ್ನಡ ಹೆಸರಿಡುವಾಗ ಎಚ್ಚರಿಕೆ ಅಗತ್ಯ. ‘ಕೊಡದಲ್ಲಿ ನೀರು ಇರುವವರೆಗೆ’ ಎಂದರೆ ಷರತ್ತು ನಿಜವಾಗಿರುವಷ್ಟು ಕಾಲ ಕೆಲಸ ನಡೆಯುತ್ತದೆ. ‘ಕೊಡ ತುಂಬುವವರೆಗೆ’ ಎಂದರೆ ಷರತ್ತು ನಿಜವಾದೊಡನೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ‘ವೈಲ್’ ಮತ್ತು ‘ಅಂಟಿಲ್’ ಎಂಬ ಎರಡು ಪದಗಳು ತೋರಿಸುವ ಈ ವ್ಯತ್ಯಾಸವನ್ನು ಕನ್ನಡದಲ್ಲಿ ಕ್ರಿಯಾಪದವೇ ಸೂಚಿಸುತ್ತದೆ. ಹಾಗಾಗಿ ‘ವರೆಗೆ’ ಎಂಬುದೊಂದನ್ನೇ ಆದೇಶಪದವಾಗಿಸಿದರೆ ಅರ್ಥ ತಲೆಕೆಳಗಾಗಬಹುದು. ‘ಇರುವವರೆಗೆ’, ‘ಆಗುವವರೆಗೆ’ ಎಂಬ ಪೂರ್ಣ ರೂಪಗಳು ಹೆಚ್ಚು ಸ್ಪಷ್ಟ.

ಎಣಿಕೆಯ ಮಿತಿಯಲ್ಲಿಯೂ ಇಂಥದೇ ಗೊಂದಲವಿದೆ. ‘1ರಿಂದ 10ರವರೆಗೆ’ ಎಂದಾಗ ಕನ್ನಡಿಗರು ಸಾಮಾನ್ಯವಾಗಿ 10ನ್ನೂ ಸೇರಿಸುತ್ತಾರೆ. ಪೈಥಾನ್‌ನ ‘ರೇಂಜ್(1, 10)’ ಮಾತ್ರ 9ಕ್ಕೇ ನಿಲ್ಲುತ್ತದೆ.