ಕನಗನಹಳ್ಳಿ ಶಿಲ್ಪ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಅಂಟಿಕೊಂಡಂತಿರುವ, ಯಾದಗಿರಿ–ಶಹಾಪುರ ಸೀಮೆಗೂ ಸಮೀಪದ ಭೀಮಾ ತೀರದ ಕನಗನಹಳ್ಳಿಯ ಬೌದ್ಧ ಸ್ತೂಪದ ಉಬ್ಬುಶಿಲ್ಪಗಳು. ಹೆಚ್ಚಿನವು ಶಾತವಾಹನರ ಕಾಲದವು. 1990ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸಿದ ಉತ್ಖನನದಲ್ಲಿ ಬೆಳಕಿಗೆ ಬಂದವು.

ಮಾಧ್ಯಮ ಸ್ಥಳೀಯ ಸುಣ್ಣಕಲ್ಲು. ಪದರಪದರವಾಗಿ ಏಳುವ ಈ ಕಲ್ಲು ಅಗಲವಾದ ಚಪ್ಪಡಿಗಳಿಗೆ ಹೇಳಿಮಾಡಿಸಿದಂಥದ್ದು. ಮಣಿಸರ, ಮುಂಡಾಸಿನ ಮಡಿಕೆಗಳಂಥ ನವುರು ಕೆಲಸಕ್ಕೂ ಉಳಿಗೆ ಒಗ್ಗುತ್ತದೆ. ಗ್ರೀಕರು ಅಮೃತಶಿಲೆಯಲ್ಲಿ ಸುತ್ತಲೂ ಬಿಡಿಸಿದ, ಒಂದೇ ಕಾಲಿನ ಮೇಲೆ ಭಾರ ಹೊತ್ತು ನಿಂತ ದೇಹವನ್ನು ಸಾಧಿಸಿದರು. ಇಲ್ಲಿನ ಶಿಲ್ಪಿಯ ಗಮನವೆಲ್ಲ ಕಥೆಯ ಮೇಲೆ: ಜಾತಕ ಕಥೆಗಳು, ಬುದ್ಧನ ಬದುಕಿನ ಘಟನೆಗಳು ಸ್ತೂಪದ ಸುತ್ತ ಪ್ರದಕ್ಷಿಣೆ ಬರುವವನ ಕಣ್ಣೆದುರು ಸಾಗುತ್ತವೆ. ಹಲವು ಫಲಕಗಳಲ್ಲಿ ಬುದ್ಧನಿಲ್ಲ. ಬೋಧಿವೃಕ್ಷ, ಬರಿದಾದ ಆಸನ, ಪಾದಗಳೇ ಅವನನ್ನು ಸೂಚಿಸುತ್ತವೆ. ಮಾನವರೂಪದ ಬುದ್ಧನ ಪ್ರತಿಮೆಗಳು ನಂತರದವು.

ಅತ್ಯಂತ ಅಮೂಲ್ಯವಾದುದು ಅಶೋಕನ ಫಲಕ. ರಾಣಿಯೊಡನೆ ನಿಂತ ರಾಜ, ಜೊತೆಗೆ ಪರಿಚಾರಿಕೆಯರು. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂಬ ಹೆಸರು. ರೋಮನ್ ಶಿಲ್ಪಿ ಸುಕ್ಕು, ಬೋಳುತಲೆಗಳನ್ನೂ ಬಿಡದೆ ಕಡೆದು ವ್ಯಕ್ತಿಯನ್ನು ಗುರುತಿಸುವಂತೆ ಮಾಡುತ್ತಿದ್ದ. ಇಲ್ಲಿ ಮುಖ ಆದರ್ಶರೂಪದ್ದು, ಗುರುತು ಹೇಳುವುದು ಅಕ್ಷರ. ಅಶೋಕ ತೀರಿಕೊಂಡು ತಲೆಮಾರುಗಳೇ ಕಳೆದ ಮೇಲೆ ಕಡೆದದ್ದಾದ್ದರಿಂದ ಇದನ್ನು ಅವನ ತದ್ರೂಪವೆನ್ನುವುದು ಸರಿಯಲ್ಲ. ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ 1986ರಲ್ಲಿ ಅಶೋಕನ ಶಾಸನವೂ ದೊರೆತಿದೆ. ಆ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು.